ಎರಡು ಕೆಜಿ ಬೆಕ್ಕಿಗೆ ಮನೆಯಲ್ಲಿರುವ ನೆಗಡಿ ಮಾತ್ರೆ ಕೊಡಬಹುದಾ?

ಬೆಕ್ಕು ಕತ್ತು ಕೆರೆದು ಕೆರೆದು ಕೂದಲು ಉದುರಿಸಿಕೊಂಡಿದೆ, ಮನೆಯಲ್ಲಿ ನೆಗಡಿ ಮಾತ್ರೆ ಇದೆ, ಅರ್ಧ ಮುರಿದು ಕೊಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಡಬೇಡಿ. ಮೊದಲು ಶೀಟ್ ತಿರುಗಿಸಿ, ಹಿಂದಿರುವ ಸಣ್ಣ ಅಕ್ಷರ ಓದಿ.

ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಸಿಟ್ರಿಜಿನ್ ಇರುತ್ತದೆ, ಅದು ಅಲರ್ಜಿ, ತುರಿಕೆ ತಗ್ಗಿಸುವ ಔಷಧಿ. ಬೆಕ್ಕಿಗೆ ಅದು ಅಷ್ಟೇನೂ ಅಪಾಯವಲ್ಲ, ಪಶುವೈದ್ಯರೇ ಬರೆಯುತ್ತಾರೆ. ಅಪಾಯ ಇರುವುದು ಅದರ ಜೊತೆ ಸೇರಿಸಿರುವ ಔಷಧಿಯಲ್ಲಿ. ಮೆಡಿಕಲ್ ಶಾಪಿನಲ್ಲಿ ನೆಗಡಿಗೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್, ಕಟ್ಟಿದ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಕೂಡ ಇರುತ್ತವೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಸಂಭಾಳಿಸುತ್ತದೆ, ಬೆಕ್ಕಿನ ಲಿವರಿಗೆ ಆ ಶಕ್ತಿ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಚಿಕ್ಕ ಬೆಕ್ಕಿನ ಜೀವ ಹೋಗಲು ಒಂದು ಮಾತ್ರೆಯ ಚೂರೂ ಸಾಕಾಗಬಹುದು. ಹಾಗಾಗಿ ಶೀಟಿನ ಮೇಲೆ ಸಿಟ್ರಿಜಿನ್ ಬಿಟ್ಟು ಇನ್ನೊಂದು ಹೆಸರಿದ್ದರೂ ಆ ಮಾತ್ರೆ ಬೇಡ. ಮಕ್ಕಳ ಸಿರಪ್ಪೂ ಬೇಡ.

ಬರೀ ಸಿಟ್ರಿಜಿನ್ ಆದರೆ? ನಮ್ಮ ಚಿಕ್ಕ ಬೆಕ್ಕಿಗೆ ಡಾಕ್ಟರು ಬರೆದದ್ದು 10 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೆ ಒಂದೇ ಸಲ. ದೊಡ್ಡ ಬೆಕ್ಕಿಗೆ ಅರ್ಧದವರೆಗೂ ಕೊಡುತ್ತಾರೆ. ನಿಮ್ಮದಕ್ಕೂ ಇಷ್ಟೇ ಅಂತ ನಾನು ಹೇಳುವುದಿಲ್ಲ, ಒಂದು ಫೋನ್ ಮಾಡಿ ಕೇಳಿ. ಸಿಟ್ರಿಜಿನ್ ಕಿಡ್ನಿ ಮೂಲಕ ಹೊರಗೆ ಹೋಗುತ್ತದೆ, ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಪ್ರಮಾಣ ಇಳಿಸಬೇಕು. ಮರಿಯಾದರಂತೂ ಡಾಕ್ಟರು ನೋಡದೆ ಏನೂ ಬೇಡ. ಫೋನ್ ಮಾಡುವ ಮೊದಲು ತೂಕ ನೋಡಿಕೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬುಟ್ಟಿ ಇಟ್ಟು ಕೂರಿಸಿದರೆ ಆಯಿತು.

ಮಾತ್ರೆ ಮುರಿದರೆ ಒಳಗಿನ ಕಹಿ ಹೊರಬರುತ್ತದೆ. ಅದು ನಾಲಿಗೆಗೆ ತಾಗಿದ್ದೇ ಬೆಕ್ಕು ಬಾಯಿ ತುಂಬ ನೊರೆ ಸುರಿಸುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ, ಆದರೆ ಅದು ಸುಮ್ನೆ ಜೊಲ್ಲು. ಚೂರಿಗೆ ಗಟ್ಟಿ ತುಪ್ಪ ಸವರಿ, ನಾಲಿಗೆಯ ಹಿಂಭಾಗಕ್ಕೆ ಇಡಿ. ಆಮೇಲೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಸುಮಾರು 5 ಎಂಎಲ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ. ನೀರು ಬಿಡದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಕೊಟ್ಟ ದಿನ ಸ್ವಲ್ಪ ಜಾಸ್ತಿ ಮಲಗಬಹುದು. ಕೆಲವಕ್ಕೆ ಉಲ್ಟಾ, ಚಡಪಡಿಕೆ.

ನನ್ನ ಅನುಮಾನ ಬೇರೆ. ಬೆಂಗಳೂರಿನ ಹವೆಯಲ್ಲಿ ಚಿಗಟಕ್ಕೆ ರಜೆಯೇ ಇಲ್ಲ. ಬೆಕ್ಕು ಕತ್ತು, ಬಾಲದ ಬುಡ ಕೆರೆದುಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ಹೇನಿನ ಹಣಿಗೆಯಲ್ಲಿ ಬಾಚಿ, ಬಂದ ಕರಿ ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಒಳಗಿರುವುದು ನಿಮ್ಮ ಬೆಕ್ಕಿನದೇ ರಕ್ತ. ಆಗ ಸಿಟ್ರಿಜಿನ್ ಎಷ್ಟು ಕೊಟ್ಟರೂ ಅಷ್ಟಕ್ಕಷ್ಟೇ. ಚಿಗಟದ ಔಷಧಿಯೇ ಬೇಕು, ಅದೂ ಬೆಕ್ಕಿನದ್ದೇ. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಫಿಟ್ಸ್ ತರಿಸುತ್ತದೆ. ಚಿಗಟ ಇಲ್ಲ ಅಂದ್ರೆ ಕಿವಿಯ ನುಸಿ, ಹುಳುಕಡ್ಡಿ ಇರಬಹುದು, ಅದನ್ನು ಡಾಕ್ಟರೇ ಹೇಳಬೇಕು.

ಈಗಾಗಲೇ ಪ್ಯಾರಾಸಿಟಮಾಲ್ ಇರುವ ಮಾತ್ರೆ ಕೊಟ್ಟಾಗಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಒಸಡು ಕಂದು ಅಥವಾ ನೀಲಿ ಆಗುವುದು, ಮುಖ, ಪಾದ ಊದುವುದು, ಬಾಯಿ ತೆರೆದು ಉಸಿರಾಡುವುದು, ಇವೆಲ್ಲ ಆಮೇಲಿನ ಮಾತು. ಪ್ಯಾರಾಸಿಟಮಾಲ್‌ಗೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಹಗಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನೀವು ಊರಿನ ಆ ತುದಿಯಲ್ಲಿದ್ದರೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಹತ್ತಿರದ ಕ್ಲಿನಿಕ್ಕಿಗೇ ಫೋನ್ ಮಾಡಿ, ಮದ್ದು ಇದೆಯಾ ಅಂತ ಕೇಳಿಕೊಂಡು ಹೊರಡಿ. ಮಾತ್ರೆಯ ಶೀಟ್ ಜೊತೆಗಿರಲಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.