ಬಂದರಿನಲ್ಲಿ ನಿಂತ ಹಾಯಿದೋಣಿಯಲ್ಲಿ ದಿನ ಹೇಗೆ ಕಳೆಯುತ್ತದೆ?

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ದೇಶ ಸುತ್ತುವವರು ಬಂದರು ತಲುಪಿದ ಮೇಲೆ ಆರಾಮಾಗಿ ಮಲಗಿರುತ್ತಾರಾ ಅಂತ ಹೊಸನಗರದವರೊಬ್ಬರು ಕೇಳಿದ್ದಾರೆ. ಇಲ್ಲ ಮಾರಾಯ್ರೆ, ಬಾಕಿ ಕೆಲಸವೆಲ್ಲ ಅಲ್ಲೇ. ಹೊರದೇಶದಿಂದ ಬಂದಿದ್ದರೆ ಮೊದಲು ಹಳದಿ ಬಾವುಟ ಏರಿಸಬೇಕು, ತಪಾಸಣೆ ಬಾಕಿ ಇದೆ ಅಂತ ಅದರರ್ಥ. ದೋಣಿಯ ಕಪ್ತಾನ ಕಾಗದಪತ್ರ ಮುಗಿಸುವವರೆಗೆ ಉಳಿದವರು ಇಳಿಯುವಂತಿಲ್ಲ.

ಆಮೇಲೆ ಹಗ್ಗದ ಚಿಂತೆ. ನಮ್ಮ ಲಿಂಗನಮಕ್ಕಿ ಹಿನ್ನೀರು ಇಳಿಯಲು ತಿಂಗಳುಗಟ್ಟಲೆ ಬೇಕು. ಸಮುದ್ರಕ್ಕೆ ಸುಮಾರು 6 ಗಂಟೆ ಸಾಕು. ಕಲ್ಲಿನ ಕಟ್ಟೆಗೆ ಬಿಗಿಯಾಗಿ ಕಟ್ಟಿ ಪೇಟೆಗೆ ಹೋದರೆ, ಇಳಿತದ ಹೊತ್ತಿಗೆ ದೋಣಿ ಹಗ್ಗಕ್ಕೆ ಜೋತುಬಿದ್ದಿರುತ್ತದೆ. ತೇಲುವ ಕಟ್ಟೆಯಾದರೆ ಈ ತಲೆಬಿಸಿ ಇಲ್ಲ, ಅದೂ ನೀರಿನ ಜೊತೆಗೇ ಏರಿಳಿಯುತ್ತದೆ.

ಅಡುಗೆಗೆ ನಮ್ಮದೇ ಎಲ್‌ಪಿಜಿ. ಆದರೆ ಅದು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಗೆ ಕಳಿಸಬಹುದು. ದೋಣಿ ಎಂದರೆ ಬೋಗುಣಿ, ಅನಿಲ ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರಿಗೆ ಹೊರಕ್ಕೆ ತೂತಿರುವ ಪ್ರತ್ಯೇಕ ಪೆಟ್ಟಿಗೆ. ಅಡುಗೆ ಮುಗಿದ ತಕ್ಷಣ ಸಿಲಿಂಡರಿನಲ್ಲೇ ಬಂದ್ ಮಾಡುತ್ತಾರೆ.

ಬೂಸಲಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಉಪ್ಪು ಕೂತ ಬಟ್ಟೆ ತೇವ ಎಳೆದುಕೊಳ್ಳುತ್ತದೆ, ಒಣಗಿಸಲು ಬಚ್ಚಲೊಲೆಯೂ ಇಲ್ಲ. ಹಾಗಾಗಿ ಸಿಹಿನೀರು ಸಿಕ್ಕಿದ ದಿನ ಒಗೆತ, ಬಿಸಿಲು ಬಂದರೆ ಹಾಸಿಗೆಗಳೆಲ್ಲ ಮೇಲೆ.

ಸಾಮಾನು ತಂದರೆ ರಟ್ಟಿನ ಡಬ್ಬಿ ಕಟ್ಟೆಯ ಮೇಲೇ ಉಳಿಯಬೇಕು. ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರಬಹುದು.