ಹಿಮ್ಮಡಿ ಮುರಿದ ಮೇಲೆ ತೋಟದ ಇಳಿಜಾರಿನಲ್ಲಿ ಮತ್ತೆ ನಡೆಯಬಹುದೇ?

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡ ನಿಮ್ಮ ತಂದೆಯವರು, ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾದ ಮೇಲೆ, ಸೋಮವಾರಪೇಟೆಯ ಮನೆಯೊಳಗೆ ಸಲೀಸಾಗಿ ಓಡಾಡುತ್ತಿದ್ದರೂ ತೋಟಕ್ಕೆ ಇಳಿಯಲಾರರು, ಇನ್ನೂ ಫಿಸಿಯೋಥೆರಪಿ ಮುಂದುವರಿಸುವುದರಿಂದ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ವಿರಾಜಪೇಟೆಯ ಸಮೀಪದ ನಮ್ಮ ತೋಟದಲ್ಲಿ ನನಗೂ ಇದೇ ಪೆಟ್ಟಾಗಿತ್ತು. ಈಗ ನಾನು ದಿನವೂ ತೋಟ ಸುತ್ತುತ್ತೇನೆ.

ಪಾದವನ್ನು ಮೇಲೆ ಕೆಳಗೆ ಆಡಿಸುವುದು ಹರಡಿನ ಕೀಲು. ಅದರ ಕೆಳಗೆ, ಹಿಮ್ಮಡಿಯ ಮೂಳೆ ತನ್ನ ಮೇಲಿರುವ ಟೇಲಸ್ ಎಂಬ ಮೂಳೆಯನ್ನು ಸೇರುವಲ್ಲಿರುವ ಸಬ್‌ಟೇಲಾರ್ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಎತ್ತರದಿಂದ ಬಿದ್ದಾಗ ಸಾಮಾನ್ಯವಾಗಿ ಹಾಳಾಗುವುದು ಈ ಎರಡನೆಯ ಕೀಲಿನ ಮೇಲ್ಮೈ. ಸಿಮೆಂಟ್ ನೆಲದಲ್ಲಿ ಅದರ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಬೇರು, ಕಲ್ಲು, ತರಗೆಲೆ ತುಂಬಿದ ಓರೆ ನೆಲದಲ್ಲಿ ಪ್ರತಿ ಹೆಜ್ಜೆಗೂ ಅದು ಬೇಕಾಗುತ್ತದೆ. ಇಳಿಯುವಾಗಲಂತೂ ಮೊಣಕಾಲು ಪಾದಕ್ಕಿಂತ ಮುಂದೆ ಬಾಗಬೇಕು, ಮೀನಖಂಡದ ಸ್ನಾಯು ದೇಹದ ಭಾರವನ್ನು ತಡೆಯುತ್ತಲೇ ನಿಧಾನವಾಗಿ ಸಡಿಲಗೊಳ್ಳಬೇಕು. ವಾರಗಟ್ಟಲೆ ಕಾಲೂರದೆ ಇದ್ದವರಲ್ಲಿ ಈ ಎರಡೂ ಶಕ್ತಿಗಳು ಕುಂದಿರುತ್ತವೆ.

ನನ್ನ ಚಿಕಿತ್ಸಕಿ ಮೊದಲು ಮಾಡಿಸಿದ್ದು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು, ಟವೆಲಿನಿಂದ ಪಾದವನ್ನು ನಮ್ಮತ್ತ ಎಳೆದುಕೊಳ್ಳುವುದು, ಹೊಲಿಗೆಯ ಗಾಯ ಪೂರ್ತಿ ಮಾಗಿದ ಮೇಲೆ ಅಲ್ಲಿನ ಚರ್ಮವನ್ನು ಬೆರಳಿನಿಂದ ಸಡಿಲಿಸುವುದು. ಬೇಸರದ ಕೆಲಸಗಳು, ಒಪ್ಪುತ್ತೇನೆ. ವೈದ್ಯರು ಇಂತಿಷ್ಟು ಕಿಲೋ ಭಾರ ಹಾಕಬಹುದು ಎಂದಾಗ ತೂಕದ ಯಂತ್ರದ ಮೇಲೆ ಪಾದವನ್ನು ಒತ್ತಿ ಆ ಭಾರದ ಅಂದಾಜನ್ನು ಕಾಲಿಗೆ ಕಲಿಸಿದರು. ನನ್ನ ಮಟ್ಟಿಗೆ ನಿಜವಾದ ತಿರುವು ಕಂಡದ್ದು ಮೆಟ್ಟಿಲಿನ ಅಂಚಿನಲ್ಲಿ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮದಿಂದ, ಮತ್ತು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸದಿಂದ. ನಡಿಗೆಯನ್ನು ಮೊದಲು ಕಾಫಿ ಒಣಗಿಸುವ ಕಣದಲ್ಲಿ, ಆಮೇಲೆ ಟಾರು ರಸ್ತೆಯ ಏರಿನಲ್ಲಿ, ಕೊನೆಗೆ ತೋಟದೊಳಗೆ ಅಭ್ಯಾಸ ಮಾಡಿದೆ. ಊರುಗೋಲು ಪೆಟ್ಟಾಗದ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ವ್ಯಾಯಾಮದಿಂದ ಬಂದ ನೋವು ಮರುದಿನ ಬೆಳಿಗ್ಗೆಯೊಳಗೆ ಇಳಿದರೆ ಅದೇ ಪ್ರಮಾಣದಲ್ಲಿ ಮುಂದುವರಿಯಬಹುದು, ಇಳಿಯದಿದ್ದರೆ ಕಡಿಮೆ ಮಾಡಬೇಕು. ಸಂಜೆಯ ಊತ ಹಲವು ತಿಂಗಳು ಇರುವುದು ಅಸಹಜವಲ್ಲ. ಆದರೆ ಮೀನಖಂಡ ಬಿಸಿಯಾಗಿ ಊದಿ ನೋಯುತ್ತಿದ್ದರೆ, ಅಥವಾ ಪಾದದಲ್ಲಿ ವಿಪರೀತ ಉರಿಯಿದ್ದು ಬಟ್ಟೆ ತಾಗಿದರೂ ಸಹಿಸಲಾಗದಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಿ. ಈ ಮುರಿತದ ನಂತರ ಹಿಮ್ಮಡಿ ತುಸು ಅಗಲವಾಗುವುದುಂಟು, ಆದ್ದರಿಂದ ಹಳೆಯ ಶೂ ಕಚ್ಚಬಹುದು. ಗಮ್‌ಬೂಟಿನಲ್ಲಿ ಹಿಮ್ಮಡಿ ಜಾರುವುದರಿಂದ ಸದ್ಯ ಅದು ಬೇಡ. ಜೂನ್‌ನಿಂದ ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಕಲ್ಲುಗಳ ಮೇಲೆ ಅಭ್ಯಾಸ ಆರಂಭಿಸುವುದು ನನಗೆ ಸರಿಯೆನಿಸುವುದಿಲ್ಲ.

ಪಕ್ಕಕ್ಕೆ ವಾಲುವ ಚಲನೆ ಅನೇಕರಿಗೆ ಪೂರ್ತಿಯಾಗಿ ಮರಳುವುದಿಲ್ಲ. ನಾನೂ ಇಳಿಜಾರನ್ನು ಅಡ್ಡ ದಾಟುವಾಗ ಇಂದಿಗೂ ನಿಧಾನವೇ. ಮುಂದಿನ ಭೇಟಿಗೆ ಮೊದಲು ತಂದೆಯವರು ಮನೆಯ ಹತ್ತಿರದ ಸಣ್ಣ ಇಳಿಜಾರಿನಲ್ಲಿ, ನಿಮ್ಮ ಆಸರೆಯಿಂದ, ನಾಲ್ಕು ಹೆಜ್ಜೆ ಇಳಿಯುವುದನ್ನು ವಿಡಿಯೊ ಮಾಡಿ ಚಿಕಿತ್ಸಕರಿಗೆ ತೋರಿಸಿ. ಟೈಲ್ಸ್ ಹಾಕಿದ ಕೊಠಡಿಯಲ್ಲಿ ನಡೆಸಿ ನೋಡಿದರೆ ಅವರಿಗೆ ಈ ತೊಂದರೆ ಕಾಣಿಸುವುದೇ ಇಲ್ಲ.