ಅರ್ಧ ಓದಿದ ‘ಅವಸ್ಥೆ’, ಪೂರ್ತಿ ಸಿಟ್ಟು

ಪ್ರಶ್ನೆ: ಅನಂತಮೂರ್ತಿಯವರ ಕಾದಂಬರಿ ‘ಅವಸ್ಥೆ’ ಓದುತ್ತಿದ್ದೇನೆ, ಅರ್ಧ ದಾಟಿದೆ. ಶುರುವಿನಲ್ಲಿ ಕೃಷ್ಣಪ್ಪಗೌಡ ತುಂಬಾ ಹಿಡಿಸಿಬಿಟ್ಟ. ದನ ಕಾಯುವ ಹುಡುಗ, ಅವನನ್ನು ಗುರುತಿಸಿ ಕೈಹಿಡಿಯುವ ಮಹೇಶ್ವರಯ್ಯ, ಆಮೇಲೆ ಕ್ರಾಂತಿಕಾರಿ ಅಣ್ಣಾಜಿ, ವಾರಂಗಲ್‌ನ ಪೊಲೀಸರ ಹಿಂಸೆ. ಅದನ್ನು ಓದುತ್ತಾ ಬಸ್ಸಿನಲ್ಲಿ ಇಳಿಯುವ ಸ್ಟಾಪೇ ಮರೆತುಹೋಯಿತು. ಈಗ ನೋಡಿದರೆ ರಾಜಕಾರಣಿಯಾಗಿ ಬೆಳೆದು ಲಕ್ವಾ ಹೊಡೆದು ಮಲಗಿರುವ ಈ ಮನುಷ್ಯ ಹೆಂಡತಿ ಮೇಲೆ ರೇಗುತ್ತಾನೆ, ವೀರಣ್ಣನಂಥ ದುಡ್ಡಿನ ಕುಳವನ್ನು ದೂರ ಇಡುವುದಕ್ಕೂ ಆಗುವುದಿಲ್ಲ. ಸಿಟ್ಟು ಬರ್ತಿದೆ. ಮುಂದೆ ಓದಲೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಓದಿ. ಸಿಟ್ಟನ್ನು ಇಟ್ಟುಕೊಂಡೇ ಓದಿ.

ಒಂದು ಕೆಲಸ ಮಾಡಿ, ಮತ್ತೆ ಮೊದಲ ಪುಟಗಳಿಗೆ ಹೋಗಿ. ಕೃಷ್ಣಪ್ಪ ಅಲ್ಲೇ ಹಾಸಿಗೆ ಹಿಡಿದಿದ್ದಾನೆ ಅಲ್ವಾ? ಅವನು ಆಮೇಲೆ ಕೆಟ್ಟುಹೋದವನಲ್ಲ. ರೇಗುವ ಈ ರೋಗಿಯನ್ನು ಕಾದಂಬರಿ ಮೊದಲೇ ನಿಮ್ಮ ಮುಂದೆ ಕೂರಿಸಿತ್ತು, ಆದರೆ ದನ ಕಾಯುವ ಹುಡುಗ ಬಂದದ್ದೇ ತಡ ನೀವು ಇವನನ್ನು ಮರೆತಿರಿ. ಆ ಹುಡುಗನ ಕಥೆ ನಮಗೆ ಸಿಗುವುದು ಯಾರ ನೆನಪಿನಿಂದ? ಇದೇ ರೋಗಿಯದು. ಪಕ್ಕದಲ್ಲಿ ಅವನ ಜೀವನಚರಿತ್ರೆ ಬರೆಯಬೇಕೆಂದು ಆಸೆಪಡುವ ನಾಗೇಶ ಬೇರೆ. ಅಭಿಮಾನಿ ಹುಡುಗನೊಬ್ಬ ಬಾಯಿಬಿಟ್ಟುಕೊಂಡು ಕೇಳುತ್ತಿರುವಾಗ ಯಾವ ಲೀಡರ್ ತಾನೇ ತನ್ನ ಹಳೆಯ ದಿನಗಳಿಗೆ ಸ್ವಲ್ಪ ಪಾಲಿಶ್ ಹಾಕದೆ ಇರುತ್ತಾನೆ? ಆ ಪಾಲಿಶ್ ನೋಡಿ ನೀವು ಮರುಳಾದಿರಿ, ಈಗ ಅದು ಉದುರುತ್ತಿದೆ, ಇನ್ನರ್ಧದ ಕೆಲಸ ಅದೇ.

ಆದರೆ ಆ ಮೊದಲರ್ಧ ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಪೊಲೀಸರಿಂದ ಹಿಂಸೆ ತಿಂದವನೂ ಇವನೇ, ಹೆಂಡತಿ ಸೀತೆಯ ಮೇಲೆ ರೇಗುವವನೂ ಇವನೇ. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳೋದು ಕಷ್ಟ. ಅನಂತಮೂರ್ತಿ ಕೇಳುವುದು ಆ ಕಷ್ಟವನ್ನೇ.

ನನಗೊಂದು ತಕರಾರಿದೆ, ಅದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೂ ಹೋಗಿ, ಗಂಡನನ್ನೂ ನೋಡಿಕೊಳ್ಳುವ ಸೀತೆಯ ತಲೆಯಲ್ಲಿ ಏನು ಓಡುತ್ತಿದೆ ಅಂತ ನಮಗೆ ಗೊತ್ತಾಗುವುದು ತೀರಾ ಕಡಿಮೆ. ಕೃಷ್ಣಪ್ಪ ಹಿಂದೆ ಪ್ರೀತಿಸಿದ್ದ ಗೌರಿ ದೇಶಪಾಂಡೆ ಬಂದಾಗ ಮಾತ್ರ ಬರವಣಿಗೆಗೆ ಎಲ್ಲಿಲ್ಲದ ಬೆಳಕು! ಇದು ಕೃಷ್ಣಪ್ಪನ ಕುರುಡೋ, ಕಾದಂಬರಿಯದೋ? ನನಗೆ ಕಾದಂಬರಿಯದೂ ಸ್ವಲ್ಪ ಇದೆ ಅನ್ನಿಸುತ್ತದೆ. ನೀವು ಓದುವಾಗ ಸೀತೆಯ ಮೇಲೆ ಒಂದು ಕಣ್ಣಿಟ್ಟಿರಿ.

ಪ್ರಶ್ನೆ: ಕೃಷ್ಣಪ್ಪ ಅಂದರೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರೇ ಅಂತಾರೆ. ಹೌದಾ?
– ಇನ್ನೊಬ್ಬರು, ರಾಜಾಜಿನಗರ

ಉತ್ತರ: ನೆರಳು ಇದೆ, ಅದರಲ್ಲಿ ಗುಟ್ಟೇನಿಲ್ಲ. ಮಲೆನಾಡು, ಸಮಾಜವಾದ, ಗೇಣಿದಾರರ ಹೋರಾಟ, ಕೊನೆಗೆ ಕಾಯಿಲೆ, ಎಲ್ಲ ಹೊಂದುತ್ತದೆ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹದ ಮುಂಚೂಣಿಯಲ್ಲಿದ್ದ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ವಿಧಾನಸೌಧದ ಹತ್ತಿರದ ಗೋಪಾಲಗೌಡ ಸರ್ಕಲ್ ದಿನಾ ದಾಟುವವರಿಗೆ ಹೆಸರಾದರೂ ಗೊತ್ತು. ಆದರೆ ಅವರು ತೀರಿಕೊಂಡದ್ದು 1972ರಲ್ಲಿ. ತುರ್ತುಪರಿಸ್ಥಿತಿ ಬಂದದ್ದು 1975ರಲ್ಲಿ, ಪುಸ್ತಕ ಬಂದದ್ದು 1978ರಲ್ಲಿ. ಗೌಡರು ನೋಡದೇ ಹೋದ ಆ ಕಾಲದ ದಿಗಿಲು, ಅಸಹ್ಯ ಎರಡೂ ಪುಸ್ತಕದಲ್ಲಿವೆ. ಸುಮ್ನೆ ಪುಟಪುಟಕ್ಕೂ ‘ಇದು ಅವರ ಬದುಕಿನಲ್ಲಿ ನಡೆದದ್ದಾ’ ಅಂತ ತಾಳೆ ನೋಡುತ್ತಾ ಕೂತರೆ ಕೃಷ್ಣಪ್ಪ ಕೈಗೆ ಸಿಗುವುದಿಲ್ಲ, ಗೋಪಾಲಗೌಡರಿಗೂ ಅನ್ಯಾಯ.

ಪ್ರಶ್ನೆ: ಸಿನಿಮಾ ಮೊದಲು ನೋಡಿದರೆ ಓದುವುದು ಸುಲಭ ಆಗುತ್ತಾ?
– ಅವರೇ

ಉತ್ತರ: ಬೇಡ. ಕೃಷ್ಣ ಮಾಸಡಿ ನಿರ್ದೇಶಿಸಿದ ಸಿನಿಮಾದಲ್ಲಿ ಅನಂತನಾಗ್ ಇದ್ದಾರೆ. ಆ ಮುಖ ಒಮ್ಮೆ ತಲೆಯಲ್ಲಿ ಕೂತರೆ ಕೃಷ್ಣಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋದು ಜಾಸ್ತಿ ಕಷ್ಟ.